ರಿಸರ್ಚ್ ಡೀನ್ ಆಗಲು ಒಪ್ಪಿಕೊಂಡರೆ ನನ್ನ ಸಂಶೋಧನೆ ಮುಗಿದಂತೆಯೇ?

ಪ್ರಶ್ನೆ ಓದಿದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಸೋಸಿಯೇಟ್ ಪ್ರೊಫೆಸರ್, ವಯಸ್ಸು 44, ಮಾರ್ಗದರ್ಶನದಲ್ಲಿ ಮೂವರು ಪಿಎಚ್‌ಡಿ ವಿದ್ಯಾರ್ಥಿಗಳು. ಮ್ಯಾನೇಜ್‌ಮೆಂಟಿನವರು ಕರೆದು ‘ರಿಸರ್ಚ್ ಡೀನ್ ಆಗಿ’ ಅಂದಿದ್ದಾರೆ. ಒಪ್ಪಿಕೊಂಡರೆ ನನ್ನ ಸ್ವಂತ ಕೆಲಸ ಅಲ್ಲಿಗೇ ನಿಂತುಹೋಗುತ್ತದಾ ಅಂತ ಕೇಳಿದ್ದೀರಿ.

ಅರ್ಧ ನಿಂತುಹೋಗುತ್ತದೆ. ಇಲ್ಲ ಅಂತ ಸುಳ್ಳು ಹೇಳಿ ನಿಮ್ಮನ್ನು ಹುರಿದುಂಬಿಸಲಾರೆ. ನಾನು ಮೆಕ್ಯಾನಿಕಲ್ ವಿಭಾಗದಲ್ಲಿ 31 ವರ್ಷ ಪಾಠ ಮಾಡಿ ನಿವೃತ್ತನಾದವನು. ಅದರಲ್ಲಿ ಒಂಬತ್ತು ವರ್ಷ ಎಚ್‌ಒಡಿ (ವಿಭಾಗದ ಮುಖ್ಯಸ್ಥ), ನಾಲ್ಕು ವರ್ಷ ಡೀನ್. ಕಾಲೇಜಿನ ಹೆಸರು ಬೇಡ.

ಎಚ್‌ಒಡಿ ಆದ ಮೊದಲ ವರ್ಷವೇ ನಾನೊಂದು ತಪ್ಪು ಮಾಡಿದೆ. ನಮ್ಮಲ್ಲಿಗೆ ಹೊಸದಾಗಿ ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್ ಬಂದಿದ್ದ. ಲೋಹಗಳ ಸವೆತದ ಮೇಲೆ ಕೆಲಸ ಮಾಡುವ ಹುಡುಗ. ‘ಸವೆತ ಅಳೆಯುವ ಪಿನ್-ಆನ್-ಡಿಸ್ಕ್ ಯಂತ್ರ ಕೊಳ್ಳುವುದು ಬೇಡ ಸರ್, ನಾನೇ ಕಟ್ಟುತ್ತೇನೆ. ಒಂದು ಮೋಟಾರು, ಬಲ ಅಳೆಯಲು ಒಂದು ಲೋಡ್ ಸೆಲ್ ಕೊಡಿಸಿ ಸಾಕು’ ಅಂದ. ಇಂಡೆಂಟ್ (ಖರೀದಿಯ ಬೇಡಿಕೆ ಪತ್ರ) ಬರೆದುಕೊಟ್ಟ, ಮೂರು ಕೊಟೇಶನ್ನೂ ತಂದ. ಆಗಲೇ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ತಂಡ ಬರುವುದಿತ್ತು. ಇಡೀ ವಿಭಾಗ ಫೈಲು ಜೋಡಿಸುವುದರಲ್ಲಿ ಮುಳುಗಿತ್ತು. ಇಂಟರ್ನಲ್ಸ್ ಅಂಕಗಳಿಂದ ‘ಕೋರ್ಸ್ ಔಟ್‌ಕಮ್’ ಲೆಕ್ಕ ಹಾಕಿ, ಬಣ್ಣದ ಬಾರ್ ಚಾರ್ಟು ತೆಗೆದು, ಮೂರು ವರ್ಷದ ಹಳೇ ಮೀಟಿಂಗುಗಳಿಗೆ ಈಗ ಸಹಿ ಹಾಕಿಸುವ ಕೆಲಸ, ಗೊತ್ತಿದ್ದವರಿಗೆ ಗೊತ್ತು. ಅವನ ಇಂಡೆಂಟು ನನ್ನ ಮೇಜಿಂದ ಅಕೌಂಟ್ಸ್ ಸೆಕ್ಷನ್ನಿಗೆ, ಅಲ್ಲಿಂದ ಮತ್ತೆ ನನ್ನ ಮೇಜಿಗೆ ಹನ್ನೊಂದು ತಿಂಗಳು ಓಡಾಡಿತು. ಹನ್ನೆರಡನೇ ತಿಂಗಳು ಅವನು ರಾಜೀನಾಮೆ ಕೊಟ್ಟ. ಜಗಳವಾಡಲಿಲ್ಲ. ‘ಪರವಾಗಿಲ್ಲ ಸರ್’ ಅಂದ, ಅಷ್ಟೇ. ಆ ವರ್ಷ ನಮಗೆ ಮಾನ್ಯತೆ ಸಿಕ್ಕಿತು. ಕೇಕು ಕತ್ತರಿಸಿದೆವು.

ಹುದ್ದೆ ತಿಂದುಹಾಕುವುದು ನಮ್ಮ ಸಂಶೋಧನೆಯನ್ನಷ್ಟೇ ಅಲ್ಲ, ಎಚ್ಚರ ತಪ್ಪಿದರೆ ಪಕ್ಕದವನದ್ದನ್ನೂ ತಿನ್ನುತ್ತದೆ ಅಂತ ನನಗೆ ತಿಳಿದದ್ದು ಆಗ. ಇದನ್ನು ಸರಿಯಾಗಿ ಮಾಡಿದವರು ಯಾರಾದರೂ ಇದ್ದಾರಾ ಅಂತ ಹುಡುಕುತ್ತಾ ಹೋಗಿ ಇಸ್ರೋ ಅಧ್ಯಕ್ಷರಾಗಿದ್ದ ಸತೀಶ್ ಧವನ್ ಅವರಲ್ಲಿ ನಿಂತೆ.

ಧವನ್ ಅಂದಕೂಡಲೇ ಎಲ್ಲರೂ ಹೇಳುವುದು ಒಂದೇ ಕತೆ: 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಬಿದ್ದಾಗ ಪತ್ರಕರ್ತರ ಮುಂದೆ ತಾವೇ ಕೂತರು, ಮುಂದಿನ ವರ್ಷ ಜುಲೈ 18ರಂದು ಗೆದ್ದಾಗ ಕಲಾಂ ಅವರನ್ನು ಕಳಿಸಿದರು. ಒಳ್ಳೆಯ ಕತೆಯೇ. ಆದರೆ ನಿಮ್ಮ ಪ್ರಶ್ನೆಗೆ ಬೇಕಾದ ಧವನ್ ಅದಕ್ಕಿಂತ ಇಪ್ಪತ್ತು ವರ್ಷ ಹಿಂದಿನವರು, ಮೇಷ್ಟರಾಗಿದ್ದ ಧವನ್.

ಹುಟ್ಟಿದ್ದು 1920ರಲ್ಲಿ, ಶ್ರೀನಗರದಲ್ಲಿ. ಗಣಿತ, ಭೌತಶಾಸ್ತ್ರ ಓದಿ, ನಡುವೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಆಮೇಲೆ ಮೆಕ್ಯಾನಿಕಲ್ ಎಂಜಿನಿಯರ್ ಆದರು. (ಇವತ್ತಾಗಿದ್ದರೆ ಇಂಟರ್‌ವ್ಯೂ ಕಮಿಟಿಯವರು ಇಷ್ಟು ದಾರಿ ಯಾಕೆ ಬದಲಿಸಿದಿರಿ ಅಂತ ಕೇಳಿ ವಾಪಸ್ ಕಳಿಸುತ್ತಿದ್ದರು.) ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಅವರ ಕೈಕೆಳಗೆ ಪಿಎಚ್‌ಡಿ. ಹಲಗೆಯ ಮೇಲೆ ಹರಿಯುವ ಗಾಳಿ ಅದನ್ನು ಎಷ್ಟು ಬಲದಿಂದ ಎಳೆಯುತ್ತದೆ ಅನ್ನುವುದನ್ನು ನೇರವಾಗಿ ಅಳೆಯುವುದು ವಿಷಯ. ಮೇಲ್ಮೈಯ ಒಂದು ಚೂರನ್ನು ಸುತ್ತಲಿಂದ ಬಿಡಿಸಿ, ಗಾಳಿ ಎಳೆದಾಗ ಅದು ಕಣ್ಣಿಗೆ ಕಾಣದಷ್ಟು ಸರಿಯುವುದನ್ನು ಹಿಡಿಯಬೇಕು. ತಾಳ್ಮೆ ಇಲ್ಲದವರ ಕೆಲಸವಲ್ಲ. 1951ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಭಾರತೀಯ ವಿಜ್ಞಾನ ಸಂಸ್ಥೆ, ಐಐಎಸ್‌ಸಿ) ಸೇರಿದರು, 1955ರಲ್ಲಿ ಏರೋನಾಟಿಕಲ್ ವಿಭಾಗದ ಮುಖ್ಯಸ್ಥರಾದರು.

1958ರಲ್ಲಿ, ಅಂದರೆ ಎಚ್‌ಒಡಿ ಕುರ್ಚಿಯಲ್ಲಿ ಕೂತು ಮೂರು ವರ್ಷದ ಮೇಲೆ, ‘ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್’ನಲ್ಲಿ ಒಂದು ಪ್ರಬಂಧ ಬಂತು. ವಿಷಯ: ನಯವಾಗಿ ಹರಿಯುತ್ತಿದ್ದ ಗಾಳಿಪದರ ಕದಡಿದ ಹರಿವಾಗಿ ಹೊರಳುವಾಗ ನಡುವಿನ ಆ ಹಂತದಲ್ಲಿ ಏನಾಗುತ್ತದೆ ಅನ್ನುವುದು. ಲೇಖಕರು ಇಬ್ಬರು, ಧವನ್ ಮತ್ತು ಅವರ ವಿದ್ಯಾರ್ಥಿ ರೊದ್ದಂ ನರಸಿಂಹ. ನರಸಿಂಹ ನಮ್ಮ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇಯಲ್ಲಿ ಮೆಕ್ಯಾನಿಕಲ್ ಓದಿ ಅಲ್ಲಿಗೆ ಹೋದ ಹುಡುಗ. ಆ ಪ್ರಬಂಧವನ್ನು ಇವತ್ತಿಗೂ ಉಲ್ಲೇಖಿಸುತ್ತಾರೆ. ಆ ಹುಡುಗ ಮುಂದೆ 1984ರಿಂದ 1993ರವರೆಗೆ ವಿಮಾನ ವಿಜ್ಞಾನದ ರಾಷ್ಟ್ರೀಯ ಪ್ರಯೋಗಾಲಯ ಎನ್‌ಎಎಲ್‌ನ ನಿರ್ದೇಶಕರಾಗಿದ್ದರು. ನಿಮ್ಮ ಮೂವರು ಪಿಎಚ್‌ಡಿ ವಿದ್ಯಾರ್ಥಿಗಳನ್ನು ನೆನೆಸಿಕೊಂಡು ಇದನ್ನು ಹೇಳುತ್ತಿದ್ದೇನೆ. ಉಳಿಯುವ ಅರ್ಧ ಅವರ ಕೈಯಲ್ಲಿರುತ್ತದೆ. ಡೀನ್ ಆದಮೇಲೆ ನಾಲ್ಕನೆಯವರನ್ನು ತೆಗೆದುಕೊಳ್ಳಬೇಡಿ, ಈ ಮೂವರನ್ನು ಬಿಡಬೇಡಿ.

1962ರಲ್ಲಿ ಧವನ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದರು, 1981ರವರೆಗೂ ಇದ್ದರು. ಆ ಅವಧಿಯಲ್ಲಿ ಅವರು ತಮ್ಮದಲ್ಲದ ವಿಷಯಗಳಿಗೆ ಎಷ್ಟು ಜಾಗ ಮಾಡಿಕೊಟ್ಟರು ನೋಡಿ. ಜಿ.ಎನ್. ರಾಮಚಂದ್ರನ್ ಅವರನ್ನು ಕರೆತಂದು ಜೀವಕಣಗಳ ಅಣುರಚನೆ ಅಧ್ಯಯನ ಮಾಡುವ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಶುರುವಾಯಿತು. 1974ರಲ್ಲಿ ಅಮೂಲ್ಯ ರೆಡ್ಡಿ ಅವರ ‘ಅಸ್ತ್ರ’, ಅಂದರೆ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ಕೇಂದ್ರ, ಹುಟ್ಟಿತು. ಎಲೆಕ್ಟ್ರೋಕೆಮಿಸ್ಟ್ರಿ ಪ್ರೊಫೆಸರ್ ಒಬ್ಬರು ಹಳ್ಳಿಯ ಒಲೆ, ಗೋಬರ್ ಗ್ಯಾಸು, ಮಣ್ಣಿನ ಇಟ್ಟಿಗೆಯ ಬಗ್ಗೆ ಕೆಲಸ ಮಾಡುತ್ತೇನೆ ಅಂದರೆ ನಮ್ಮ ನಿಮ್ಮ ಕಾಲೇಜಿನಲ್ಲಿ ‘ಇದು ನಿಮ್ಮ ಸ್ಪೆಷಲೈಸೇಶನ್ನಾ?’ ಅಂತ ಕೇಳುತ್ತಾರೆ. ಅಲ್ಲಿ ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಹೋಗಿ ಕೂತು ಕೆಲಸ ಮಾಡಿತು. ಹೊಗೆ ಕೊಳವೆಯ ಅಸ್ತ್ರ ಒಲೆ ನಮ್ಮ ಚಿಕ್ಕಮ್ಮನ ಅಡುಗೆಮನೆಯಲ್ಲಿತ್ತು. ಅದು ಪ್ರೊಫೆಸರುಗಳು ಮಾಡಿದ ಒಲೆ ಅಂತ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಕ್ಯಾಂಪಸ್ಸಿನೊಳಗೇ 1975ರಲ್ಲಿ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೆಎಸ್‌ಸಿಎಸ್‌ಟಿಯೂ ಬಂತು. ಫೈನಲ್ ಇಯರ್ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತಾರಲ್ಲ, ಅವರೇ. ನಮ್ಮ ಹುಡುಗರೂ ಆ ದುಡ್ಡಿನಲ್ಲಿ ಅಡಿಕೆ ಸುಲಿಯುವ ಯಂತ್ರ ಮಾಡಿದ್ದರು. ಕರ್ನಾಟಕದಲ್ಲಿ ಮೆಕ್ಯಾನಿಕಲ್ ಓದಿ ಅಡಿಕೆ ಸುಲಿಯುವ ಯಂತ್ರದ ತಂಟೆಗೆ ಹೋಗದವರು ಯಾರಿದ್ದಾರೆ ಹೇಳಿ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮಾತ್ರ ಬೇರೆ. 1971ರ ಡಿಸೆಂಬರ್ ಕೊನೆಗೆ ವಿಕ್ರಮ್ ಸಾರಾಭಾಯ್ ತೀರಿಕೊಂಡಾಗ ಧವನ್ ಕ್ಯಾಲ್‌ಟೆಕ್‌ನಲ್ಲಿದ್ದರು. ಬಾಹ್ಯಾಕಾಶ ಕಾರ್ಯಕ್ರಮ ವಹಿಸಿಕೊಳ್ಳಿ ಅಂತ ಇಂದಿರಾ ಗಾಂಧಿ ಕೇಳಿದರು. ಅವರು ತಕ್ಷಣ ಹೂಂ ಅನ್ನಲಿಲ್ಲ, ಎರಡು ಷರತ್ತು ಹಾಕಿದರು: ಇನ್‌ಸ್ಟಿಟ್ಯೂಟಿನ ನಿರ್ದೇಶಕ ಸ್ಥಾನ ಬಿಡುವುದಿಲ್ಲ, ಮುಖ್ಯ ಕಚೇರಿ ಬೆಂಗಳೂರಿನಲ್ಲಿರಬೇಕು. ಎರಡಕ್ಕೂ ಒಪ್ಪಿಗೆ ಸಿಕ್ಕಿತು. ದೇಶದ ಪ್ರಧಾನಿಗೇ ಷರತ್ತು ಹಾಕಬಹುದಾದರೆ ಟ್ರಸ್ಟಿನ ಸೆಕ್ರೆಟರಿಗೆ ಯಾಕೆ ಹಾಕಬಾರದು?

‘ಅವರಿಗೆ ಟಾಟಾ ಇನ್‌ಸ್ಟಿಟ್ಯೂಟ್ ಇತ್ತು, ನಮಗೇನಿದೆ’ ಅನ್ನುತ್ತೀರಿ. ಸರಿ, ನಮಗೆ ಇರುವುದು ವಾರಕ್ಕೆ ಹದಿನಾರು ಗಂಟೆ ಪಾಠ ಮತ್ತು ವಿಟಿಯು ವ್ಯಾಲ್ಯುಯೇಶನ್ ಡ್ಯೂಟಿ. ಹಾಗಂತಲೇ ಷರತ್ತು ಇನ್ನೂ ಮುಖ್ಯ. ನಾನು ಡೀನ್ ಆಗುವಾಗ ಕೇಳಿ ಪಡೆದದ್ದು ಮೂರು. ಐವತ್ತು ಸಾವಿರದೊಳಗಿನ ಖರೀದಿಗೆ ನನ್ನ ಸಹಿಯೇ ಸಾಕು. ಮಂಗಳವಾರ ಮಧ್ಯಾಹ್ನದ ಮೇಲೆ ಯಾವ ಮೀಟಿಂಗೂ ಇಲ್ಲ. ನನ್ನ ವಿದ್ಯಾರ್ಥಿಗಳಲ್ಲದವರ ಪೇಪರುಗಳಲ್ಲಿ ನನ್ನ ಹೆಸರು ಇರುವುದಿಲ್ಲ. ಮೂರನೆಯದು ಕೇಳಿ ಪ್ರಿನ್ಸಿಪಾಲರು ನಕ್ಕುಬಿಟ್ಟರು. ಆದರೆ ಮೊದಲನೆಯದಕ್ಕಿಂತ ಅದೇ ಹೆಚ್ಚು ಕೆಲಸ ಮಾಡಿತು. ಡೀನ್ ಹೆಸರು ಸೇರಿಸಬೇಕಿಲ್ಲ ಅಂತ ಗೊತ್ತಾದ ಮೇಲೆ ಕಿರಿಯರು ತಮ್ಮ ಅರೆಬೆಂದ ಐಡಿಯಾಗಳನ್ನೂ ನನ್ನ ಹತ್ತಿರ ತರಲು ಶುರುಮಾಡಿದರು.

ಇನ್ನು ಇನ್ನೋವೇಶನ್. ಡೀನ್ ಆದ ಮರುದಿನವೇ ನಿಮ್ಮನ್ನು ಕೇಳುವುದು ‘ಈ ವರ್ಷ ಎಷ್ಟು ಪೇಟೆಂಟ್?’ ಅಂತ. ಇಲ್ಲಿ ಒಂದು ಕಣ್ಕಟ್ಟಿದೆ, ತಿಳಿದಿರಲಿ. ನಮ್ಮ ಕಾನೂನಿನಲ್ಲಿ ಪೇಟೆಂಟ್ ಅರ್ಜಿ ಹಾಕಿದ 18 ತಿಂಗಳಿಗೆ ಅದು ತಾನಾಗಿಯೇ ಪ್ರಕಟವಾಗುತ್ತದೆ. ಬೇಗ ಆಗಬೇಕಾದರೆ ಫಾರ್ಮ್ 9 ತುಂಬಿ ಹಣ ಕಟ್ಟಿದರಾಯಿತು. ಪರೀಕ್ಷೆ ನಡೆಯುವುದು ಆಮೇಲೆ, ಅದೂ ಫಾರ್ಮ್ 18 ಹಾಕಿ ಕೇಳಿಕೊಂಡರೆ. ಅಂದರೆ ‘ಪೇಟೆಂಟ್ ಪಬ್ಲಿಶ್ಡ್’ ಅನ್ನುವ ಬ್ಯಾನರಿಗೂ ಪೇಟೆಂಟ್ ಸಿಗುವುದಕ್ಕೂ ಸಂಬಂಧವೇ ಇಲ್ಲ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ 80% ಕಡಿತ ಸಿಕ್ಕಿದ್ದರಿಂದ ಅರ್ಜಿ ಹಾಕುವುದು ಈಗ ಅಗ್ಗವೂ ಆಗಿದೆ. ಎಂಟು ಜನ ಸೇರಿ ಒಂದು ಅರ್ಜಿ ಹಾಕಿ ಎಂಟು ಅಪ್ರೈಸಲ್‌ನಲ್ಲಿ ಅಂಕ ಪಡೆದದ್ದನ್ನು ನಾನೇ ಕಂಡಿದ್ದೇನೆ. ನಾನು ಮಾಡಿದ್ದು ಇಷ್ಟೇ: ವಾರ್ಷಿಕ ವರದಿಯಲ್ಲಿ ‘ಸಲ್ಲಿಸಿದ್ದು’, ‘ಪ್ರಕಟವಾದದ್ದು’, ‘ಮಂಜೂರಾದದ್ದು’ ಅಂತ ಮೂರು ಕಾಲಂ ಬೇರೆ ಮಾಡಿಸಿದೆ. ಮೂರನೇ ಕಾಲಂ ಎರಡು ವರ್ಷ ಖಾಲಿಯಿತ್ತು. ಮ್ಯಾನೇಜ್‌ಮೆಂಟಿಗೆ ಸಿಟ್ಟು ಬಂತು, ಆಮೇಲೆ ರೂಢಿಯಾಯಿತು.

ನನ್ನ ಸ್ವಂತ ಕೆಲಸ ಏನಾಯಿತು? ಆ ನಾಲ್ಕು ವರ್ಷದಲ್ಲಿ ನಾನು ಬರೆದದ್ದು ಎರಡೇ ಪೇಪರು, ಎರಡೂ ಮಂಗಳವಾರದ ಮಧ್ಯಾಹ್ನಗಳಲ್ಲಿ. ಬೇಜಾರಿದೆ, ಇಲ್ಲ ಅನ್ನುವುದಿಲ್ಲ. ಧವನ್ ಅವರಿಗೂ ಹರಿವಿನ ವಿಜ್ಞಾನಕ್ಕೆ ಬಿಡುವಾಗಿ ಮರಳಲು ಸಿಕ್ಕಿದ್ದು ಹುದ್ದೆಗಳೆಲ್ಲ ಮುಗಿದ ಮೇಲೇ. ಪುಲಿಕಾಟ್ ಸರೋವರದ ಹಕ್ಕಿಗಳನ್ನು ನೋಡುತ್ತಾ ಅವುಗಳ ಹಾರಾಟದ ಬಗ್ಗೆಯೇ ಪುಸ್ತಕ ಬರೆದರು. ನನಗೆ ಅಂಥ ಯೋಗವಿಲ್ಲ; ತೋಟದ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದೇನೆ.

ಆ ಸವೆತದ ಹುಡುಗ ಈಗ ಬೇರೊಂದು ಕಾಲೇಜಿನಲ್ಲಿ ಪ್ರೊಫೆಸರ್. ಅವನು ಕೇಳಿದ್ದ ಮೋಟಾರು ಅವನು ಹೋದ ಎರಡು ತಿಂಗಳಿಗೆ ಬಂತು. ಬಹಳ ದಿನ ಸ್ಟೋರಿನಲ್ಲಿ ಡಬ್ಬಿ ಸಮೇತ ಇತ್ತು.

ನಿಮಗೆ ಒಪ್ಪಿಕೊಳ್ಳಿ ಅಂತಲೇ ಹೇಳುತ್ತೇನೆ, ಆದರೆ ನಾಳೆಯೇ ಬೇಡ. ಮೊದಲು ಹೋಗಿ ವಾರದ ಪಾಠ ಎಷ್ಟು ಗಂಟೆ ಕಡಿಮೆ ಮಾಡುತ್ತೀರಿ, ಎಷ್ಟು ರೂಪಾಯಿವರೆಗೆ ನನ್ನ ಸಹಿ ನಡೆಯುತ್ತದೆ ಅಂತ ಎರಡೇ ಎರಡು ಕೇಳಿ. ‘ಅದೆಲ್ಲ ಆಮೇಲೆ ನೋಡೋಣ’ ಅಂದರೆ ಕಾಫಿ ಕುಡಿದು ಎದ್ದು ಬನ್ನಿ. ‘ಆಯ್ತು’ ಅಂದರೂ ಬಾಯಿಮಾತಿನಲ್ಲಿ ಬೇಡ, ಆರ್ಡರ್ ಕಾಪಿಯಲ್ಲಿ ಬರಲಿ.