‘ಲುಕ್ ಇಟ್ ಅಪ್’ ಸರಿಯಾದರೆ ‘ಲುಕ್ ಇಟ್ ಫಾರ್’ ಏಕೆ ತಪ್ಪು?

ಪ್ರಶ್ನೆ: ‘ಲುಕ್ ಅಪ್’ನಂತೆ ಕ್ರಿಯಾಪದಕ್ಕೆ ಕಿರುಪದ ಸೇರಿ ಆಗುವ ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳನ್ನು ಅರ್ಥಸಹಿತ ಬಾಯಿಪಾಠ ಮಾಡಿದ್ದೇನೆ. ಆದರೂ ವಾಕ್ಯ ರಚಿಸುವಾಗ ‘ಇಟ್’, ‘ದೆಮ್’ ಮುಂತಾದ ಪದಗಳನ್ನು ನಡುವೆ ಇಡಬೇಕೋ ಕೊನೆಯಲ್ಲಿಡಬೇಕೋ ತಿಳಿಯುವುದಿಲ್ಲ. ಇದಕ್ಕೆ ನಿಯಮವಿದೆಯೇ?

ಉತ್ತರ: ನಿಯಮವಿದೆ, ಆದರೆ ಅರ್ಥದ ಪಟ್ಟಿಯಿಂದ ಅದು ದಕ್ಕುವುದಿಲ್ಲ. ಕ್ರಿಯಾಪದದ ಬೆನ್ನಿಗೆ ಬರುವ ‘ಅಪ್’, ‘ಆಫ್’, ‘ಫಾರ್’ ಮುಂತಾದ ಕಿರುಪದಗಳು ನೋಡಲು ಒಂದೇ ಬಗೆಯವಾದರೂ ಅವು ಮಾಡುವ ಕೆಲಸ ಬೇರೆ ಬೇರೆ. ನಿಘಂಟಿನಲ್ಲಿ ಪದವೊಂದನ್ನು ಹುಡುಕಿ ನೋಡುವುದನ್ನು ಹೇಳುವ ‘ಲುಕ್ ಅಪ್’ನಲ್ಲಿ ‘ಅಪ್’ ಎಂಬುದು ಕ್ರಿಯಾಪದಕ್ಕೇ ಸೇರಿದ ಅಂಗ. ಹೀಗಾಗಿ ಕರ್ಮವು ನಾಮಪದವಾಗಿದ್ದರೆ ‘ಲುಕ್ ಅಪ್ ದ ವರ್ಡ್’, ‘ಲುಕ್ ದ ವರ್ಡ್ ಅಪ್’ ಎರಡೂ ಸಲ್ಲುತ್ತವೆ. ಸರ್ವನಾಮವಾಗಿದ್ದರೆ ಮಾತ್ರ ಅದು ಕಡ್ಡಾಯವಾಗಿ ನಡುವೆಯೇ ಬರಬೇಕು. ಕರ್ಮಪದ ಉದ್ದವಾಗಿದ್ದಾಗ ಅದನ್ನು ಕೊನೆಗೆ ಇಡುವುದೇ ಲೇಸು, ಏಕೆಂದರೆ ದೂರ ಉಳಿದ ‘ಅಪ್’ ಯಾವ ಕ್ರಿಯಾಪದದ್ದೆಂಬುದು ಓದುಗರಿಗೆ ಮರೆತೇಹೋಗಬಹುದು.

ಏನನ್ನಾದರೂ ಅರಸುವುದನ್ನು ಹೇಳುವ ‘ಲುಕ್ ಫಾರ್’ನ ‘ಫಾರ್’ ಹಾಗಲ್ಲ. ಅದು ಪ್ರೆಪೊಸಿಷನ್, ತನ್ನ ಮುಂದಿನ ನಾಮಪದವನ್ನೋ ಸರ್ವನಾಮವನ್ನೋ ಹಿಡಿದುಕೊಂಡೇ ಇರುತ್ತದೆ. ಆದ್ದರಿಂದ ‘ಲುಕ್ ಫಾರ್ ಇಟ್’ ಎಂಬುದೊಂದೇ ಸರಿಯಾದ ರೂಪ. ಗಟ್ಟಿಯಾಗಿ ಹೇಳಿ ನೋಡಿದರೂ ವ್ಯತ್ಯಾಸ ಗೊತ್ತಾಗುತ್ತದೆ: ‘ಲುಕ್ ಇಟ್ ಅಪ್’ ಎನ್ನುವಾಗ ಒತ್ತು ‘ಅಪ್’ ಮೇಲೆ ಬೀಳುತ್ತದೆ, ‘ಲುಕ್ ಫಾರ್ ಇಟ್’ ಎನ್ನುವಾಗ ‘ಫಾರ್’ ತೇಲಿಹೋಗುತ್ತದೆ. ವ್ಯಾಕರಣದ ಹೆಸರುಗಳಿಗಿಂತ ಕಿವಿಗೆ ಸಿಗುವ ಈ ಸುಳಿವು ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಮೂರು ಪದಗಳ ‘ಪುಟ್ ಅಪ್ ವಿತ್’, ‘ಲುಕ್ ಫಾರ್ವರ್ಡ್ ಟು’ ಮೊದಲಾದವುಗಳ ಕೊನೆಯಲ್ಲಿರುವುದು ಪ್ರೆಪೊಸಿಷನ್ನೇ ಆದ್ದರಿಂದ ಅವುಗಳ ಕರ್ಮವೂ ಕೊನೆಗೇ ಬರುತ್ತದೆ. ಪತ್ರಗಳಲ್ಲಿ ಪದೇ ಪದೇ ಕಾಣುವ ‘ಲುಕ್ ಫಾರ್ವರ್ಡ್ ಟು ಮೀಟ್ ಯು’ ಎಂಬ ತಪ್ಪಿನ ಮೂಲವೂ ಇಲ್ಲಿದೆ: ಆ ‘ಟು’ ಪ್ರೆಪೊಸಿಷನ್ ಆಗಿರುವುದರಿಂದ ‘ಮೀಟಿಂಗ್ ಯು’ ಎಂದೇ ಬರೆಯಬೇಕು. ಅಂದಹಾಗೆ, ಬಹಳ ಮಂದಿ ಬಳಸುವ ‘ಕೋಪ್ ಅಪ್ ವಿತ್’ನಲ್ಲಿ ‘ಅಪ್’ಗೆ ಜಾಗವೇ ಇಲ್ಲ, ‘ಕೋಪ್ ವಿತ್’ ಸಾಕು.

ನಿಮ್ಮ ಪಟ್ಟಿಯನ್ನು ಎಸೆಯಬೇಕಿಲ್ಲ. ಕಲಿಯುವವರಿಗೆಂದೇ ರೂಪಿಸಿದ ನಿಘಂಟುಗಳು ‘ಲುಕ್ ಸಮ್‌ಥಿಂಗ್ ಅಪ್’, ‘ಲುಕ್ ಫಾರ್ ಸಮ್‌ಥಿಂಗ್’ ಎಂದು ಕರ್ಮದ ಸ್ಥಾನವನ್ನೂ ತೋರಿಸುತ್ತವೆ. ಅದನ್ನು ನೋಡಿಕೊಂಡು, ಅರ್ಥದ ಬದಿಯಲ್ಲಿ ‘ಇಟ್’ ಸೇರಿದ ಪುಟ್ಟ ವಾಕ್ಯವೊಂದನ್ನು ಬರೆದಿಡಿ. ಬಾಯಿಪಾಠ ಮಾಡುವುದಿದ್ದರೆ ಆ ವಾಕ್ಯವನ್ನೇ ಮಾಡಿ.