ಗುಟುಕಿಗಿಂತ ಮೊದಲು ಕಾವು: ಎರಡು ದಿನದ ಫಿಂಚ್ ಮರಿಗಳನ್ನು ಉಳಿಸಿಕೊಳ್ಳುವ ಬಗೆ

ಸರ್, ನಿಮ್ಮ ಜೀಬ್ರಾ ಫಿಂಚ್ ಜೋಡಿ ನಾಲ್ಕು ಮರಿಗಳನ್ನು ಗೂಡಿನಿಂದ ಹೊರಗೆ ದಬ್ಬಿದೆ, ಎರಡು ಸತ್ತಿವೆ, ಎರಡು ದಿನ ವಯಸ್ಸಿನ ಇನ್ನೆರಡನ್ನು ಹತ್ತಿಯಲ್ಲಿ ಸುತ್ತಿಟ್ಟಿದ್ದೀರಿ, ಅವು ಬಾಯಿ ತೆರೆಯುತ್ತಿಲ್ಲ, ಹಾಲು ಹಾಕಬಹುದೇ ಎಂದು ಕೇಳಿದ್ದೀರಿ. ಹಾಲು ಬೇಡವೇ ಬೇಡ. ಸದ್ಯಕ್ಕೆ ನೀರನ್ನೂ ಕೊಡಬೇಡಿ. ಆ ಹತ್ತಿಯನ್ನು ತೆಗೆದು ಎರಡೂ ಮರಿಗಳನ್ನು ಒಂದೇ ಅಂಗೈಯಲ್ಲಿ ಇಟ್ಟುಕೊಳ್ಳಿ, ಮೇಲೆ ಇನ್ನೊಂದು ಕೈಯನ್ನು ಬೋಗುಣಿಯಂತೆ ಮುಚ್ಚಿ. ಉಳಿದದ್ದನ್ನು ಮನೆಯವರು ಯಾರಾದರೂ ಓದಿ ಹೇಳಲಿ.

ಈ ವಯಸ್ಸಿನ ಮರಿಗೆ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ತಾಯಿ ಮೈಯ ಕೆಳಗಿನ ಬಿಸಿಯೇ ಅದರ ಬಿಸಿ. ಹತ್ತಿ ಇದ್ದ ಬಿಸಿಯನ್ನು ಹಿಡಿದಿಡಬಹುದೇ ಹೊರತು ಬಿಸಿ ಕೊಡುವುದಿಲ್ಲ. ಅದರ ಎಳೆಗಳು ಕಾಲಿಗೆ ಸುತ್ತಿಕೊಂಡು ರಕ್ತ ಓಡದಂತೆ ಮಾಡುವ ಅಪಾಯ ಬೇರೆ. ಮರಿ ತಣ್ಣಗಾದರೆ ಜೀರ್ಣಕ್ರಿಯೆ ನಿಂತುಹೋಗುತ್ತದೆ. ಆಗ ಹಾಕಿದ ಗುಟುಕು ಕುತ್ತಿಗೆಯ ಬುಡದಲ್ಲಿರುವ ಆಹಾರದ ಚೀಲದಲ್ಲಿ, ನಾವೆಲ್ಲ ಕ್ರಾಪ್ ಎನ್ನುವ ಜಾಗದಲ್ಲಿ, ಹಾಗೆಯೇ ಕುಳಿತು ಹುಳಿಯುತ್ತದೆ. ಹಸಿದಿರಬೇಕು ಎಂಬ ಕರುಣೆಯಿಂದಲೇ ತಣ್ಣಗಿನ ಮರಿಗೆ ಮೊದಲು ತಿನ್ನಿಸುವ ಈ ತಪ್ಪನ್ನು ನಾನೂ ಮಾಡಿದ್ದೇನೆ. ಸಂಜೆ ಹಾಕಿದ ಆಹಾರ ಮರುದಿನ ಬೆಳಿಗ್ಗೆಯೂ ಪಾರದರ್ಶಕ ಚರ್ಮದ ಹಿಂದೆ ಹಾಗೆಯೇ ಕಾಣುತ್ತಿತ್ತು. ಆ ಮರಿ ಮಧ್ಯಾಹ್ನದವರೆಗೂ ಉಳಿಯಲಿಲ್ಲ.

ಅಲುಗಾಡುತ್ತಿಲ್ಲ ಎಂದು ಕೈಬಿಡಬೇಡಿ. ಒಮ್ಮೆ ಪಂಜರದ ತಳದಲ್ಲಿ ಸಿಕ್ಕ ಮರಿಯೊಂದು ನದಿಯ ಬೆಣಚುಕಲ್ಲಿನಷ್ಟು ತಣ್ಣಗಿತ್ತು, ಬಣ್ಣ ಬೂದಿಗೆ ತಿರುಗಿತ್ತು. ಅಂಗೈಯಲ್ಲಿ ಮುಚ್ಚಿಕೊಂಡು ಕುಳಿತೆ. ಹತ್ತು ನಿಮಿಷಕ್ಕೆ ಹೊಟ್ಟೆಯ ಬಳಿ ಸ್ವಲ್ಪ ಗುಲಾಬಿ ಬಣ್ಣ ಮೂಡಿತು. ಆಮೇಲೆ ಒಂದು ಕಾಲಿನ ಬೆರಳುಗಳು, ಸೂಜಿಮೊನೆಯಷ್ಟು ಸಣ್ಣವು, ನನ್ನ ಚರ್ಮವನ್ನು ಹಿಡಿದವು. ಅರ್ಧ ಗಂಟೆಯ ಹೊತ್ತಿಗೆ ಕುತ್ತಿಗೆಯನ್ನು ಓರೆಯಾಗಿ ತಿರುಗಿಸಿ ಬಾಯಿ ತೆರೆಯಿತು. ನಿಮ್ಮ ಮರಿಗಳಿಗೂ ಈ ಅವಕಾಶ ಕೊಡಿ. ಬಾಯಿ ತೆರೆಯುತ್ತಿಲ್ಲ ಎಂದರೆ ಹಸಿವಿಲ್ಲ ಎಂದು ಅರ್ಥವಲ್ಲ, ಬಹುಪಾಲು ಸಲ ಬಿಸಿ ಸಾಲದು ಎಂದೇ ಅರ್ಥ.

ಮರಿಗಳು ಬೆಚ್ಚಗಾಗಿ ಬಾಯಿ ತೆರೆಯಲು ಶುರುಮಾಡಿದ ಮೇಲೆ, ಹಗಲಿದ್ದರೆ, ಒಮ್ಮೆ ಗೂಡಿಗೆ ವಾಪಸು ಇಟ್ಟು ನೋಡಿ. ಮನುಷ್ಯರ ಕೈ ಸೋಕಿದರೆ ತಾಯಿ ಮುಟ್ಟುವುದಿಲ್ಲ ಎಂಬ ಮಾತನ್ನು ನಂಬಬೇಡಿ. ತಣ್ಣಗೆ, ಸದ್ದಿಲ್ಲದೆ ಬಿದ್ದಿರುವ ಮರಿಯನ್ನು ಹಕ್ಕಿಗಳು ಸತ್ತದ್ದೆಂದು ಎಣಿಸಿ ಎತ್ತಿ ಹೊರಗೆ ಹಾಕುತ್ತವೆ. ಬೆಚ್ಚಗಿದ್ದು ಬಾಯಿ ತೆರೆದು ಕುತ್ತಿಗೆ ಆಡಿಸುವ ಮರಿಗೆ ಗುಟುಕು ಕೊಡುವ ಸಾಧ್ಯತೆ ಹೆಚ್ಚು. ದೂರ ನಿಂತು ಒಂದು ಗಂಟೆ ಗಮನಿಸಿ. ಮತ್ತೆ ದಬ್ಬಿದರೆ ಎರಡನೇ ಸಲ ಪ್ರಯತ್ನಿಸಬೇಡಿ, ಪ್ರತಿ ಸಲ ಬಿದ್ದಾಗಲೂ ಏಟು ಬೀಳುತ್ತದೆ.

ನಿಮ್ಮಲ್ಲಾಗಲಿ ಪರಿಚಯದವರಲ್ಲಾಗಲಿ ಬೆಂಗಾಲೀಸ್ ಫಿಂಚ್ ಜೋಡಿ ಮರಿ ಮಾಡಿಕೊಂಡು ಕುಳಿತಿದೆಯೇ ಎಂದು ಈಗಲೇ ವಿಚಾರಿಸಿ. ಸಾಕುತಾಯಿಯ ಕೆಲಸಕ್ಕೆ ಈ ಹಕ್ಕಿಗೆ ಸಾಟಿಯಿಲ್ಲ. ಅದರ ಮರಿಗಳಿಗೂ ನಿಮ್ಮವಕ್ಕೂ ಎರಡು ಮೂರು ದಿನಕ್ಕಿಂತ ಹೆಚ್ಚಿನ ಅಂತರ ಇರಬಾರದು, ಎಲ್ಲ ಸೇರಿ ಐದಾರಕ್ಕಿಂತ ಹೆಚ್ಚಾಗಬಾರದು. ಇದನ್ನು ಒತ್ತಿ ಹೇಳಲು ಕಾರಣವಿದೆ. ಎರಡು ದಿನದ ಮರಿಯನ್ನು ಕೈಯಲ್ಲಿ ಬೆಳೆಸುವುದು ಈ ಹವ್ಯಾಸದಲ್ಲೇ ಅತಿ ಕಷ್ಟದ ಕೆಲಸ. ತಂದೆತಾಯಿಯ ಗುಟುಕಿನ ಜೊತೆ ಹೋಗುವ ಒಳ್ಳೆಯ ಸೂಕ್ಷ್ಮಜೀವಿಗಳು ನಾವು ಕುಂಚದಿಂದ ತಿನ್ನಿಸುವ ಆಹಾರದ ಜೊತೆ ಹೋಗುವುದಿಲ್ಲ. ಅನುಭವಸ್ಥರ ಕೈಯಲ್ಲೂ ಈ ವಯಸ್ಸಿನವು ಉಳಿಯುವುದಕ್ಕಿಂತ ಹೋಗುವುದೇ ಹೆಚ್ಚು. ಒಂದು ವಾರ ದಾಟಿದ ಮರಿಯ ವಿಷಯ ಬೇರೆ, ಅದು ಬಹಳ ಸಲ ಉಳಿಯುತ್ತದೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ನಾಳೆ ಒಂದು ಮರಿ ಹೋದರೆ ನಿಮ್ಮ ತಪ್ಪೆಂದು ಕೊರಗಿ ಇನ್ನೊಂದನ್ನು ಬಿಟ್ಟುಬಿಡಬಾರದು, ಅದಕ್ಕೆ.

ಸಾಕುತಾಯಿ ಸಿಗದಿದ್ದರೆ ಕಾವಿನ ಪೆಟ್ಟಿಗೆ ಮಾಡಿಕೊಳ್ಳಿ. ಗಾಳಿಗೆ ತೂತು ಮಾಡಿದ ಸಣ್ಣ ಪೆಟ್ಟಿಗೆ, ಅದರ ಅರ್ಧ ಭಾಗದ ಕೆಳಗೆ ಕಡಿಮೆ ಬಿಸಿಯ ಹೀಟಿಂಗ್ ಪ್ಯಾಡ್, ಅಥವಾ ಒಂದು ಬದಿಯ ಮೇಲೆ ಕಡಿಮೆ ವ್ಯಾಟಿನ ಬಿಸಿಯಾಗುವ ಬಲ್ಬ್. ಎಲ್‌ಇಡಿ ಬಲ್ಬಿನಿಂದ ಪ್ರಯೋಜನವಿಲ್ಲ. ಒಂದು ಚಿಕ್ಕ ಬಟ್ಟಲಿನಲ್ಲಿ ಟಿಶ್ಯೂ ಕಾಗದವನ್ನು ಒತ್ತಿ ತಗ್ಗು ಮಾಡಿ, ಎರಡೂ ಮರಿಗಳನ್ನು ಒತ್ತೊತ್ತಾಗಿ, ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಳ್ಳುವಂತೆ ಕೂರಿಸಿ. ಜಾರುವ ಸಪಾಟು ತಳದಲ್ಲಿ ಇಟ್ಟರೆ ಕಾಲುಗಳು ಎರಡು ಬದಿಗೆ ಅಗಲಿ ಹಾಗೆಯೇ ಬೆಳೆದುಬಿಡುತ್ತವೆ. ಥರ್ಮಾಮೀಟರ್ ಮರಿಗಳ ಪಕ್ಕದಲ್ಲೇ ಇರಬೇಕು, ಪೆಟ್ಟಿಗೆಯ ಗೋಡೆಯ ಮೇಲಲ್ಲ. ಈ ವಯಸ್ಸಿಗೆ 36ರಿಂದ 37 ಡಿಗ್ರಿ ಸೆಲ್ಸಿಯಸ್ ಬೇಕು. ಒಂದು ವಾರದ ಮೇಲೆ ಮುಳ್ಳಿನಂತಹ ಪುಕ್ಕದ ಮೊಳಕೆ ಕಾಣಿಸಿದಾಗ 33ರ ಆಸುಪಾಸಿಗೆ ಇಳಿಸಿ, ಎರಡು ವಾರದ ಹೊತ್ತಿಗೆ ಪುಕ್ಕ ಮುಚ್ಚಿದಾಗ 28ರ ಸುಮಾರಿಗೆ. ತೂತುಗಳಿರುವ ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟರೆ ಒಳಗಿನ ಗಾಳಿ ಒಣಗುವುದಿಲ್ಲ.

ಆದರೆ ಥರ್ಮಾಮೀಟರಿಗಿಂತ ಮರಿಯನ್ನೇ ಹೆಚ್ಚು ನಂಬಿ. ಮೈ ಕೆಂಪಾಗಿ, ಕುತ್ತಿಗೆ ಚಾಚಿ, ಬಾಯಿ ತೆರೆದು ಏದುಸಿರು ಬಿಡುತ್ತಾ ಒಂದರಿಂದೊಂದು ದೂರ ಸರಿಯುತ್ತಿದ್ದರೆ ಬಿಸಿ ಹೆಚ್ಚಾಗಿದೆ. ಮುದುಡಿಕೊಂಡು, ಬಣ್ಣ ಕಳೆದುಕೊಂಡು, ತಟ್ಟಿದರೂ ಏಳದಿದ್ದರೆ ಕಡಿಮೆಯಾಗಿದೆ. ತಿಳಿಗುಲಾಬಿ ಬಣ್ಣದಲ್ಲಿ, ಒಂದರ ಮೇಲೊಂದು ಕುತ್ತಿಗೆ ಹಾಕಿ ಮಲಗಿದ್ದರೆ ಸರಿಯಾಗಿದೆ.

ಇನ್ನು ಗುಟುಕಿನ ಮಾತು. ಚರ್ಮ ಸುಕ್ಕುಗಟ್ಟಿ ಕಡುಗೆಂಪಾಗಿದ್ದರೆ ಮೈಯಲ್ಲಿ ನೀರಿನಂಶ ಕಡಿಮೆಯಾಗಿದೆ ಎಂದು ಅರ್ಥ. ಮೊದಲ ಒಂದೆರಡು ಸಲ ಬಣ್ಣ, ಪರಿಮಳ ಸೇರಿಸದ ಓಆರ್‌ಎಸ್ ದ್ರಾವಣವನ್ನು ಬೆಚ್ಚಗೆ ಮಾಡಿ ಹನಿಹನಿಯಾಗಿ ಕೊಡಿ. ಹಿಕ್ಕೆ ಹಾಕಿದ ಮೇಲೆ ಆಹಾರ ಶುರುಮಾಡಿ. ಗಿಳಿಮರಿಗಳಿಗೆಂದು ಸಿಗುವ ಹ್ಯಾಂಡ್ ಫೀಡಿಂಗ್ ಪುಡಿ ಸಾಕಾಗುತ್ತದೆ, ಪ್ರೋಟೀನ್ ಶೇಕಡಾ 20ಕ್ಕಿಂತ ಮೇಲಿರುವುದನ್ನು ನೋಡಿ ತನ್ನಿ. ಅದು ಕೈಗೆ ಸಿಗುವವರೆಗೆ, ಒಂದು ದಿನದ ಮಟ್ಟಿಗೆ ಮಾತ್ರ, ಚೆನ್ನಾಗಿ ಬೇಯಿಸಿದ ಮೊಟ್ಟೆಯ ಹಳದಿಯನ್ನು ಕಾಯಿಸಿದ ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ ಕೊಡಬಹುದು. ಹಾಲಿನಲ್ಲಿರುವ ಲ್ಯಾಕ್ಟೋಸನ್ನು ಹಕ್ಕಿಗಳು ಅರಗಿಸಿಕೊಳ್ಳಲಾರವು, ಬೇಧಿಯಾಗಿ ಮರಿ ಸಾಯುತ್ತದೆ. ಬ್ರೆಡ್ಡೂ ಬೇಡ.

ಕುದಿಸಿ ಆರಿಸಿದ ನೀರಿನಲ್ಲಿ ಪುಡಿಯನ್ನು ಗಂಟಿಲ್ಲದಂತೆ ಕಲಸಿ. ಎರಡು ದಿನದ ಮರಿಗೆ ಹಾಲಿನಷ್ಟು ತೆಳ್ಳಗೆ, ಮೂರು ನಾಲ್ಕು ದಿನ ಕಳೆದ ಮೇಲೆ ತೆಳುವಾದ ಗಂಜಿಯ ಹದಕ್ಕೆ. ಕೊಡುವಾಗಿನ ಬಿಸಿ 39ರಿಂದ 40 ಡಿಗ್ರಿ. 43 ದಾಟಿದರೆ ಕ್ರಾಪಿನ ಒಳಗೋಡೆ ಸುಡುತ್ತದೆ, ಅದು ಒಂದೆರಡು ದಿನ ಬಿಟ್ಟು ಗೊತ್ತಾಗುತ್ತದೆ, ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಮೈಕ್ರೋವೇವಿನಲ್ಲಿ ಬಿಸಿಮಾಡಿದರೆ ಒಂದು ಕಡೆ ಸುಡುತ್ತಿರುತ್ತದೆ, ಒಂದು ಕಡೆ ತಣ್ಣಗಿರುತ್ತದೆ. ಬಿಸಿನೀರಿನ ಬಟ್ಟಲಿನಲ್ಲಿ ಆಹಾರದ ಲೋಟ ಇಟ್ಟುಕೊಳ್ಳುವುದೇ ಕ್ಷೇಮ. ಉಳಿದದ್ದನ್ನು ಚೆಲ್ಲಿ, ಮುಂದಿನ ಸಲಕ್ಕೆ ಹೊಸದಾಗಿ ಕಲಸಿ.

ಸಿರಿಂಜ್ ಎಲ್ಲಿ ಸಿಗುತ್ತದೆ ಎಂದೂ ಕೇಳಿದ್ದೀರಿ. ಸದ್ಯಕ್ಕೆ ಸಿರಿಂಜ್ ಬೇಡ. ಅದರಿಂದ ಬೀಳುವ ಒಂದು ಹನಿಯೇ ಈ ಬಾಯಿಗೆ ದೊಡ್ಡದು. ಚಿತ್ರ ಬರೆಯುವ ಅತಿ ಸಣ್ಣ ಹೊಸ ಕುಂಚ, ಇಲ್ಲವೇ ತುದಿಯನ್ನು ಉಜ್ಜಿ ಮೊಂಡು ಮಾಡಿದ ಹಲ್ಲುಕಡ್ಡಿ ಸಾಕು. ಐದಾರು ದಿನ ಕಳೆದ ಮೇಲೆ 1 ಎಂಎಲ್ ಸಿರಿಂಜಿಗೆ ಹೋಗಿ. ಫಿಂಚ್ ಮರಿಗಳು ಗುಬ್ಬಿಮರಿಯಂತೆ ನೆಟ್ಟಗೆ ಮೇಲಕ್ಕೆ ಬಾಯಿ ಚಾಚುವುದಿಲ್ಲ. ತಲೆಯನ್ನು ಕೆಳಗಿಟ್ಟುಕೊಂಡೇ ಕುತ್ತಿಗೆಯನ್ನು ತಿರುಚಿ, ಬಾಯಿಯನ್ನು ಓರೆಯಾಗಿ ಮೇಲೆ ಮಾಡಿ ನಾಲಿಗೆ ಆಡಿಸುತ್ತವೆ. ಅದನ್ನು ನೇರ ಮಾಡಲು ಹೋಗಬೇಡಿ, ನಿಮ್ಮ ಕೈಯನ್ನೇ ಆ ಕೋನಕ್ಕೆ ತನ್ನಿ. ಕೊಕ್ಕಿನ ಬದಿಯನ್ನು ಕುಂಚದಿಂದ ಮೆಲ್ಲಗೆ ಸೋಕಿಸಿದರೆ ಬಾಯಿ ತೆರೆಯುತ್ತವೆ. ಸಾಸಿವೆ ಕಾಳಿನಷ್ಟು ಆಹಾರವನ್ನು ನಾಲಿಗೆಯ ಮೇಲೆ ಇಟ್ಟು ಕುಂಚ ಹಿಂದಕ್ಕೆ ತೆಗೆಯಿರಿ. ನುಂಗಿದ್ದನ್ನು ನೋಡಿ. ಆಮೇಲೆ ಇನ್ನೊಂದು.

ಬಾಯಿ ಮುಚ್ಚಿರುವಾಗ ಬಲವಂತವಾಗಿ ಹನಿ ಬಿಡುವುದು ಮರಿಯನ್ನು ಮುಳುಗಿಸಿದಂತೆಯೇ. ನಾಲಿಗೆಯ ಹಿಂದೆಯೇ ಉಸಿರಿನ ನಳಿಕೆಯ ಬಾಯಿ ಇದೆ, ತೆಳ್ಳಗಿನ ಆಹಾರ ಅದರೊಳಗೆ ಹೋಗಲು ಕ್ಷಣ ಸಾಕು. ಮೂಗಿನಿಂದ ಗುಳ್ಳೆ ಬಂದರೆ, ಉಸಿರಾಡುವಾಗ ಟಿಕ್ ಟಿಕ್ ಸದ್ದು ಕೇಳಿದರೆ ತಕ್ಷಣ ನಿಲ್ಲಿಸಿ, ತಲೆ ಸ್ವಲ್ಪ ಕೆಳಗಾಗುವಂತೆ ಹಿಡಿದು ಟಿಶ್ಯೂ ತುದಿಯಿಂದ ಒರೆಸಿ, ಬೆಚ್ಚಗೆ ಇಟ್ಟುಬಿಡಿ. ಪ್ರತಿ ಸಲ ತಿನ್ನಿಸಿದ ಮೇಲೆ ಕೊಕ್ಕಿನ ಅಂಚನ್ನು ಒದ್ದೆ ಹತ್ತಿಕಡ್ಡಿಯಿಂದ ಶುಚಿಮಾಡಿ, ಒಣಗಿ ಅಂಟಿದರೆ ಕೊಕ್ಕು ವಕ್ರವಾಗುತ್ತದೆ.

ಎಷ್ಟು ಕೊಡಬೇಕು? ಒಂದು ಹೊತ್ತಿಗೆ ಮರಿಯ ತೂಕದ ಹತ್ತನೇ ಒಂದು ಭಾಗ. ಹುಟ್ಟುವಾಗ ಅದರ ತೂಕ ಒಂದು ಗ್ರಾಂಗೂ ಕಡಿಮೆ, ಆದ್ದರಿಂದ ಈಗ ಒಂದೆರಡು ಹನಿಯಷ್ಟೇ. ಕುತ್ತಿಗೆಯ ಬದಿಯಲ್ಲಿ ಕ್ರಾಪ್ ಮೆತ್ತಗೆ ಉಬ್ಬಿರಬೇಕು, ಬಿಗಿದ ಬಲೂನಿನಂತೆ ಆಗಬಾರದು. ಬಹುತೇಕ ಖಾಲಿಯಾದ ಮೇಲೆ ಮುಂದಿನದು. ಮೊದಲ ಎರಡು ಮೂರು ದಿನ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಗೊಮ್ಮೆ, ಬೆಳಕು ಹರಿದಾಗಿನಿಂದ ರಾತ್ರಿ ಹತ್ತು ಹನ್ನೊಂದರವರೆಗೆ, ನಡುರಾತ್ರಿ ಒಮ್ಮೆ. ಐದನೇ ದಿನದಿಂದ ಗಂಟೆಗೊಮ್ಮೆ, ಕಣ್ಣು ಬಿಟ್ಟ ಮೇಲೆ ಒಂದೂವರೆಯಿಂದ ಎರಡು ಗಂಟೆಗೊಮ್ಮೆ, ಆಗ ರಾತ್ರಿ ನೀವೂ ಮಲಗಬಹುದು. ಗೂಡಿನಲ್ಲಿ ತಾಯಿಯೂ ಕತ್ತಲಾದ ಮೇಲೆ ಗುಟುಕು ಕೊಡುವುದಿಲ್ಲ. ಮನೆಯಲ್ಲಿ ಸರದಿ ಹಾಕಿಕೊಳ್ಳಿ. ಒಬ್ಬರೇ ಮಾಡಿದರೆ ಮೂರನೇ ದಿನ ಕೈ ನಡುಗುತ್ತದೆ, ನಡುಗುವ ಕೈ ಈ ಕೆಲಸಕ್ಕೆ ಆಗದು.

ಎರಡು ಮೂರು ಗಂಟೆ ಕಳೆದರೂ ಕ್ರಾಪ್ ಇಳಿಯದಿದ್ದರೆ ಮೇಲೆ ಮೇಲೆ ತುಂಬಬೇಡಿ. ಮೊದಲು ಪೆಟ್ಟಿಗೆಯ ಬಿಸಿ ನೋಡಿ, ಆಮೇಲೆ ಒಂದು ಹನಿ ಬೆಚ್ಚಗಿನ ನೀರು ಕೊಟ್ಟು ಬೆರಳ ತುದಿಯಿಂದ ತೀರಾ ಹಗುರವಾಗಿ ನೀವಿ. ಹುಳಿ ವಾಸನೆ ಬಂದರೆ ಹಕ್ಕಿಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿ, ಮನೆಯಲ್ಲಿರುವ ಆ್ಯಂಟಿಬಯಾಟಿಕ್ ಅನ್ನು ಅಂದಾಜಿನಲ್ಲಿ ಹಾಕಬೇಡಿ. ಮಲದ್ವಾರಕ್ಕೆ ಹಿಕ್ಕೆ ಅಂಟಿ ಮುಚ್ಚಿಕೊಂಡಿದ್ದರೆ ಬೆಚ್ಚಗಿನ ನೀರಿನಿಂದ ನೆನೆಸಿ ಬಿಡಿಸಿ, ಎಳೆಯಬೇಡಿ. ಹಿಕ್ಕೆ ತೆಳುಪೊರೆಯ ಚೀಲದೊಳಗೆ ಬಂದರೆ ಗಾಬರಿ ಬೇಡ, ಗೂಡಿನಲ್ಲಿರುವ ಮರಿಗಳಲ್ಲಿ ಅದು ಸಹಜ.

0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇದ್ದರೆ ದಿನಾ ಬೆಳಿಗ್ಗೆ ಮೊದಲ ಗುಟುಕಿಗೆ ಮುನ್ನ ತೂಕ ಬರೆದಿಡಿ. ಒಂದು ದಿನ ತೂಕ ಏರದಿದ್ದರೂ ಎಲ್ಲೋ ತಪ್ಪುತ್ತಿದೆ ಎಂದು ತಿಳಿಯಿರಿ. ಎರಡು ವಾರದಲ್ಲಿ ಈ ಮರಿ ಹುಟ್ಟಿದಾಗಿನ ಸುಮಾರು ಹತ್ತು ಪಟ್ಟು ಆಗಬೇಕು. ಕಣ್ಣು ಬಿಡುವುದು ಆರರಿಂದ ಎಂಟನೇ ದಿನದೊಳಗೆ, ಗೂಡು ಬಿಟ್ಟು ಹಾರುವುದು ಹದಿನೆಂಟರಿಂದ ಇಪ್ಪತ್ತೊಂದನೇ ದಿನದೊಳಗೆ. ಆ ಹೊತ್ತಿಗೆ ನವಣೆ ತೆನೆ, ಮೊಳಕೆ ಬರಿಸಿದ ಕಾಳು, ಬೇಯಿಸಿದ ಮೊಟ್ಟೆ, ಆಳವಿಲ್ಲದ ತಟ್ಟೆಯಲ್ಲಿ ನೀರು ಎದುರಿಗೆ ಇಡಿ. ಕಾಳನ್ನು ಕುಕ್ಕುವುದು ಬೇರೆ, ಸಿಪ್ಪೆ ಬಿಡಿಸಿ ನುಂಗುವುದು ಬೇರೆ. ಐದಾರು ವಾರದವರೆಗೂ ರಾತ್ರಿ ಮಲಗುವ ಮುನ್ನ ಕ್ರಾಪ್ ಮುಟ್ಟಿ ನೋಡಿ, ಖಾಲಿ ಇದ್ದರೆ ಕೈಯಿಂದ ತಿನ್ನಿಸಿ.

ಹಾರಲು ಶುರುವಾದ ಮೇಲೆ ಅವುಗಳ ಪಂಜರವನ್ನು ದೊಡ್ಡ ಜೀಬ್ರಾ ಫಿಂಚ್‌ಗಳ ಪಕ್ಕದಲ್ಲೇ ಇಡಿ. ಗಂಡು ಮರಿ ಸುಮಾರು 25ನೇ ದಿನದಿಂದ ಒಂದೆರಡು ತಿಂಗಳ ಒಳಗೆ ದೊಡ್ಡ ಗಂಡನ್ನು ಕೇಳಿ ಹಾಡು ಕಲಿಯುತ್ತದೆ. ಕೇಳಲು ಯಾರೂ ಇಲ್ಲದಿದ್ದರೆ ಅದರ ಹಾಡು ಜೀವನವಿಡೀ ಅರೆಬರೆಯಾಗಿ ಉಳಿಯುತ್ತದೆ. ಬೆಂಗಾಲೀಸ್ ಸಾಕಿದ ಜೀಬ್ರಾ ಗಂಡುಗಳು ದೊಡ್ಡವಾದ ಮೇಲೆ ಬೆಂಗಾಲೀಸ್ ಹೆಣ್ಣನ್ನೇ ಬಯಸುತ್ತವೆ ಎಂದು ಜರ್ಮನ್ ವಿಜ್ಞಾನಿ ಕ್ಲಾಸ್ ಇಮ್ಮೆಲ್ಮನ್ ತೋರಿಸಿಕೊಟ್ಟಿದ್ದರು. ಹಾಗಾಗಿ ಸಾಕುತಾಯಿ ಸಿಕ್ಕರೂ, ತಾವೇ ತಿನ್ನಲು ಕಲಿತ ಕೂಡಲೇ ಮರಿಗಳನ್ನು ಸ್ವಜಾತಿಯ ಜೊತೆ ಸೇರಿಸಿ.

ನಿಮ್ಮ ಜೋಡಿಯ ಮೇಲೆ ಸಿಟ್ಟಾಗಬೇಡಿ. ಇದು ಅವುಗಳ ಮೊದಲ ಸೂಲು ಎಂದು ಬರೆದಿದ್ದೀರಿ, ಎಳೆಯ ಜೋಡಿಗಳು ಹೀಗೆ ಮಾಡುವುದುಂಟು. ಮೊಟ್ಟೆ ಒಡೆದು ಮರಿ ಬರುವ ಸಮಯದಲ್ಲಿ ಬೇಯಿಸಿದ ಮೊಟ್ಟೆಯಂತಹ ಮೆತ್ತಗಿನ ಆಹಾರ ಸಿಗದಿದ್ದರೂ, ಗೂಡನ್ನು ಪದೇ ಪದೇ ಇಣುಕಿದರೂ, ಒಳಗೆ ಹೇನು ಸೇರಿದ್ದರೂ ಮರಿಗಳನ್ನು ಕೈಬಿಡುತ್ತವೆ. ಪಂಜರದಲ್ಲಿ ಹುಲ್ಲು, ನಾರು ಉಳಿದಿದ್ದರೆ ಜೀಬ್ರಾ ಫಿಂಚ್‌ಗಳು ಇದ್ದ ಮೊಟ್ಟೆಮರಿಗಳ ಮೇಲೆಯೇ ಹೊಸ ಗೂಡು ಕಟ್ಟತೊಡಗುತ್ತವೆ, ಆದ್ದರಿಂದ ಮೊದಲ ಮೊಟ್ಟೆ ಬಿದ್ದ ಕೂಡಲೇ ಅದನ್ನೆಲ್ಲ ತೆಗೆದುಬಿಡಬೇಕು. ಗೂಡಿಗೆ ವಾಪಸು ಇಟ್ಟ ಮರಿಗಳನ್ನು ಮತ್ತೆ ದಬ್ಬಿದರೆ ಗೂಡನ್ನೇ ತೆಗೆದು ಜೋಡಿಗೆ ಎರಡು ತಿಂಗಳು ವಿಶ್ರಾಂತಿ ಕೊಡಿ, ಸುಣ್ಣದಂಶಕ್ಕಾಗಿ ಹಕ್ಕಿಗಳು ಕುಕ್ಕುವ ಕಟಲ್‌ಬೋನ್ ಸದಾ ಪಂಜರದಲ್ಲಿರಲಿ.

ಮರಿಗಳು ಬೆಚ್ಚಗಾಗಿ ಬಾಯಿ ತೆರೆದವೇ, ಮೊದಲ ಹಿಕ್ಕೆ ಬಿತ್ತೇ ಎಂದು ಇಲ್ಲೇ ಬರೆಯಿರಿ. ಕ್ರಾಪ್ ಕಾಣುವಂತೆ ಬದಿಯಿಂದ ತೆಗೆದ ಒಂದು ಫೋಟೋ ಹಾಕಿದರೆ ಆಹಾರದ ಹದ ಸರಿಯಿದೆಯೇ ಎಂದು ನೋಡಿ ಹೇಳುತ್ತೇನೆ. ಫ್ಲ್ಯಾಶ್ ಹಾಕಬೇಡಿ, ಪೆಟ್ಟಿಗೆಯ ಮುಚ್ಚಳವನ್ನು ಹೆಚ್ಚು ಹೊತ್ತು ತೆರೆದಿಡಬೇಡಿ.