ಹೊಸಬರಿಗೆ ಕಾರ್ ರೇಸಿಂಗ್ ಕಲಿಸುವಾಗ ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿರುವುದು ಇಷ್ಟು. ನಾಲ್ಕು ವರ್ಷದಿಂದ ಆಟೋಕ್ರಾಸ್ (ಬಯಲಿನಲ್ಲಿ ಗುರುತು ಮಾಡಿದ ಸಣ್ಣ ದಾರಿಯಲ್ಲಿ ಸಮಯ ಅಳೆದು ಓಡಿಸುವ ಸ್ಪರ್ಧೆ) ಓಡಿಸುತ್ತಿದ್ದೀರಿ. ಈಗ ಕಲಬುರಗಿಯಲ್ಲೇ ಇಬ್ಬರು ಗೆಳೆಯರು ಮತ್ತು 17 ವರ್ಷದ ನಿಮ್ಮ ಕಾಕನ ಮಗ, ಮೂವರೂ ‘ನಮಗೂ ಕಲಿಸು’ ಅಂತ ಬೆನ್ನು ಹತ್ತಿದ್ದಾರೆ. ಟ್ರ್ಯಾಕ್ ಇಲ್ಲದ ಊರಲ್ಲಿ ಎಲ್ಲಿ ಕಲಿಸಬೇಕು, ಮೊದಲು ಏನು ಕಲಿಸಬೇಕು?

ನಾನೂ ಕಲಬುರಗಿಯವನೇ. ಟೈರ್ ಮತ್ತು ವ್ಹೀಲ್ ಅಲೈನ್‌ಮೆಂಟ್ ಅಂಗಡಿ ಇಟ್ಟಿದ್ದೇನೆ. ಹನ್ನೆರಡು ವರ್ಷದಿಂದ ಬಿಡುವಾದಾಗಲೆಲ್ಲ ಆಟೋಕ್ರಾಸ್, ಟಿಎಸ್‌ಡಿ (ಟೈಮ್-ಸ್ಪೀಡ್-ಡಿಸ್ಟೆನ್ಸ್) ರ‍್ಯಾಲಿ, ವರ್ಷಕ್ಕೊಮ್ಮೆ ಚೆನ್ನೈ ಟ್ರ್ಯಾಕ್ ಅಂತ ಓಡಾಡಿದವನು. ಈ ನಡುವೆ ಹದಿನೈದು ಜನ ಹುಡುಗರು, ಮೂವರು ಹುಡುಗಿಯರು ಸ್ಟಿಯರಿಂಗ್ ಹಿಡಿದಾಗ ಎಡಗಡೆ ಸೀಟಿನಲ್ಲಿ ಕೂತಿದ್ದೇನೆ. ನನ್ನ ಉತ್ತರ ಇದು: ಮೊದಲು ಕಣ್ಣು ಕಲಿಸಿ, ಆಮೇಲೆ ಬ್ರೇಕ್. ಸ್ಪೀಡ್ ತಾನಾಗಿ ಬರುತ್ತದೆ, ಅದನ್ನು ಕಲಿಸಲು ಹೋಗಬೇಡಿ.

ಜಾಗದ ಮಾತು ಮೊದಲು. ರಿಂಗ್ ರೋಡ್ ಬೇಡವೇ ಬೇಡ. ರಾತ್ರಿ ಹನ್ನೊಂದರ ಮೇಲೆ ಖಾಲಿ ಇರುತ್ತದೆ ಅಂತ ಹುಡುಗರು ಹೇಳುತ್ತಾರೆ. ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಬರುವುದು, ದನ ರಸ್ತೆ ನಡುವೆ ಮಲಗುವುದು ಆ ಹೊತ್ತಿಗೇ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿ ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ನಾನು ಹುಡುಗರಿಗೆ ಕಾನೂನು ಮೊದಲು ಹೇಳುವುದಿಲ್ಲ. ಎದುರಿಗೆ ಬೈಕಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರುವವನು ನಿನ್ನ ರೇಸಿಗೆ ಹೆಸರು ಕೊಟ್ಟಿಲ್ಲ ಅಂತ ಹೇಳುತ್ತೇನೆ. ನನ್ನ ಹತ್ತಿರ ಕಲಿಯುವವನು ರೋಡಿನಲ್ಲಿ ರೇಸ್ ಮಾಡಿದ್ದು ಗೊತ್ತಾದರೆ ಅವತ್ತಿಗೇ ಕಲಿಕೆ ಬಂದ್. ಒಬ್ಬನಿಗೆ ಹಾಗೆ ಮಾಡಿದ್ದೇನೆ. ಎರಡೇ ಭಾನುವಾರ ಬಂದಿದ್ದ. ಮೂರನೇ ವಾರ ಅವನು ರಾತ್ರಿ ಓಡಿಸಿದ ವಿಡಿಯೋ ನನ್ನ ಫೋನಿಗೇ ಬಂತು. ಆರು ತಿಂಗಳು ಅವನನ್ನು ಗೇಟಿನೊಳಗೆ ಬಿಡಲಿಲ್ಲ. ಕಲಿಸಿದ ಅರ್ಧ ವಿದ್ಯೆಯನ್ನು ಅವನು ರೋಡಿಗೆ ತೆಗೆದುಕೊಂಡು ಹೋಗಿದ್ದ, ಆ ಭಾರ ನನ್ನ ಮೇಲೂ ಇತ್ತು. ಈ ಶರತ್ತನ್ನು ಮೊದಲ ದಿನವೇ, ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಹೇಳಿ.

ಹಾಗಾದರೆ ಎಲ್ಲಿ? ಹೊಲ ಆಗುವುದಿಲ್ಲ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಂದರೆ ಟೈರಿಗೆ ಅಂಟಿ ಬಿಡುವುದೇ ಇಲ್ಲ. ಆದರೆ ನಮ್ಮೂರಲ್ಲಿ ದಾಲ್ ಮಿಲ್ ಇವೆಯಲ್ಲ! ತೊಗರಿ ಒಣಹಾಕುವ ಕಾಂಕ್ರೀಟ್ ಅಂಗಳ ಸೀಸನ್ ಮುಗಿದ ಮೇಲೆ ಭಾನುವಾರ ಖಾಲಿ ಬಿದ್ದಿರುತ್ತದೆ, ಸುತ್ತ ಕಾಂಪೌಂಡ್ ಇರುತ್ತದೆ, ಗೇಟಿಗೆ ಬೀಗ ಹಾಕಬಹುದು. ನಾನು ಕಲಿಸುವುದು ಗೆಳೆಯನ ಮಿಲ್ಲಿನಲ್ಲಿ. ಪರಿಚಯದ ಮಾಲೀಕರಿದ್ದರೆ ಕೇಳಿ, ಒಪ್ಪಿಗೆಯನ್ನು ಬರೆಸಿಕೊಳ್ಳಿ. ಅಡ್ಡ ಇಡಲು ಕಲ್ಲು, ಟೈರ್ ಬೇಡ. ಗೋಣಿಚೀಲದಲ್ಲಿ ತೊಗರಿ ಹೊಟ್ಟು ತುಂಬಿಸಿ ಇಡಿ, ಗಾಡಿ ತಾಗಿದರೂ ಬಂಪರಿಗೆ ಏನೂ ಆಗುವುದಿಲ್ಲ.

ಒಂದು ವಿಷಯ ಮರೆಯಬೇಡಿ. ಅಂಗಳವನ್ನು ಹುಡುಗರ ಕೈಯಲ್ಲೇ ಗುಡಿಸಿಸಿ. ಕಾಂಕ್ರೀಟ್ ಮೇಲೆ ಒಂದು ಹಿಡಿ ತೊಗರಿ ಕಾಳು ಚೆಲ್ಲಿದ್ದರೂ ಟೈರ್ ಗೋಲಿ ಮೇಲೆ ಹೋದ ಹಾಗೆ ಜಾರುತ್ತದೆ. ಮೊದಮೊದಲು ಕಾಳು ಜಾರುತ್ತದೆ ಅಂತಷ್ಟೇ ಗುಡಿಸಿಸುತ್ತಿದ್ದೆ. ಆಮೇಲೆ ಗೊತ್ತಾಯಿತು, ಗುಡಿಸಿದವನಿಗೆ ಎಲ್ಲಿ ನೆಲ ಇಳಿಜಾರಿದೆ, ಎಲ್ಲಿ ಸ್ಲ್ಯಾಬಿನ ಜೋಡಣೆ ಎದ್ದಿದೆ, ಎಲ್ಲಿ ಎಣ್ಣೆ ಕಲೆ ಇದೆ ಎಲ್ಲವೂ ತಿಳಿದಿರುತ್ತದೆ. ದೊಡ್ಡ ಟ್ರ್ಯಾಕಿಗೆ ಹೋದಾಗಲೂ ರೇಸರ್‌ಗಳು ಮೊದಲು ನಡೆದು ನೋಡುವುದು ಇದಕ್ಕೇ.

ಈಗ ಕಣ್ಣಿನ ಮಾತು. ಹೊಸಬರೆಲ್ಲ ಬಾನೆಟ್ ಮುಂದೆ ಹತ್ತು ಅಡಿ ನೋಡುತ್ತಾರೆ. 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಅಂದರೆ ಅವರು ನೋಡುತ್ತಿರುವ ಜಾಗ ಆಗಲೇ ಗಾಡಿ ಕೆಳಗೆ ಹೋಗಿರುತ್ತದೆ. ‘ದೂರ ನೋಡು’ ಅಂತ ನೂರು ಸಲ ಹೇಳಿದರೂ ಪ್ರಯೋಜನ ಇಲ್ಲ, ಯಾಕೆಂದರೆ ತಾನು ದೂರವೇ ನೋಡುತ್ತಿದ್ದೇನೆ ಅಂತ ಅವನು ನಂಬಿರುತ್ತಾನೆ. ಅದಕ್ಕೆ ನಾನು ಬೆರಳಾಟ ಮಾಡಿಸುತ್ತೇನೆ.

ಹೋದ ವರ್ಷ ಗೆಳೆಯನ ಮಗಳು ಬಂದಿದ್ದಳು. ಐದು ಕೋನ್ ಸಾಲಾಗಿ ಇಟ್ಟಿದ್ದೆ, ಹಾವಿನ ಹಾಗೆ ಎಡಕ್ಕೆ ಬಲಕ್ಕೆ ತಿರುಗಿಸುತ್ತ ಹೋಗಬೇಕು. ಮೂರನೇ ಕೋನ್ ಪ್ರತಿ ಸಲ ಬೀಳುತ್ತಿತ್ತು. ಗಾಡಿ ನಿಲ್ಲಿಸಿ ಕೇಳಿದೆ, “ಎಲ್ಲಿ ನೋಡ್ಲಕತ್ತಿದಿ?”

“ಕೋನೇ ನೋಡ್ಲಕತ್ತೀನಿ ಕಾಕಾ.”

ಅದೇ ತೊಂದರೆ. ಕಣ್ಣು ಎಲ್ಲಿರುತ್ತದೋ ಕೈ ಅಲ್ಲಿಗೇ ಹೋಗುತ್ತದೆ. ಆ ಕಡೆ ತೂಕದ ಕಾಂಟಾ ಇದೆ, ಅದರ ಕಟ್ಟೆಯ ಮೇಲೆ, ಕಾಂಪೌಂಡಿನೊಳಗೇ ಆಚೆ ತುದಿಗೆ, ಇನ್ನೊಬ್ಬ ಹುಡುಗನನ್ನು ನಿಲ್ಲಿಸಿದೆ. ಅವನು ಬೆರಳು ತೋರಿಸುತ್ತಿರಬೇಕು, ಬದಲಾಯಿಸುತ್ತಿರಬೇಕು. ಇವಳು ಗಾಡಿ ಓಡಿಸುತ್ತಲೇ ಎಷ್ಟು ಬೆರಳು ಅಂತ ಜೋರಾಗಿ ಹೇಳಬೇಕು. “ಎರಡು... ಐದು... ಒಂದು...” ಮೊದಲ ಸುತ್ತಿನಲ್ಲಿ ಎರಡು ಕೋನ್ ಬಿದ್ದವು. ಮೂರನೇ ಸುತ್ತಿನಲ್ಲಿ ಒಂದೂ ಬೀಳಲಿಲ್ಲ. ಸ್ಟಿಯರಿಂಗ್ ಎಳೆದಾಟ ನಿಂತಿತ್ತು, ಎಡಗಡೆ ಕೂತ ನನ್ನ ಭುಜ ಬಾಗಿಲಿಗೆ ಬಡಿಯುವುದೂ ನಿಂತಿತ್ತು. ಗಾಡಿ ನಿಲ್ಲಿಸಿ ಅವಳು, “ಕೋನ್ ಕಾಣಲೇ ಇಲ್ಲ ಕಾಕಾ, ಆದರೂ ಗಾಡಿ ಹೋಯ್ತು!” ಅಂದಳು. ಆ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ನಾನು ಭಾನುವಾರ ನಿದ್ದೆ ಬಿಟ್ಟು ಏಳುವುದು ಇದಕ್ಕೇ.

ಬ್ರೇಕ್ ಎರಡನೆಯದು. ವರ್ಷಗಟ್ಟಲೆ ಗಾಡಿ ಓಡಿಸಿದವರೂ ಬ್ರೇಕನ್ನು ಪೂರ್ತಿ ಒತ್ತಿ ನೋಡಿರುವುದಿಲ್ಲ. 30ರಲ್ಲಿ ಬಂದು ಒಂದು ಗೆರೆಯ ಹತ್ತಿರ ಇರುವ ಬಲವೆಲ್ಲ ಹಾಕಿ ಒತ್ತಿಸಿ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಪೆಡಲ್ ಕಾಲಿನ ಕೆಳಗೆ ಟಕಟಕ ಅಂತ ಒದೆಯುತ್ತದೆ. ಹೆದರಿ ಕಾಲು ತೆಗೆಯುತ್ತಾರೆ. ತೆಗೆಯಬಾರದು, ಒತ್ತಿಯೇ ಹಿಡಿಯಬೇಕು. ನಾಲ್ಕೈದು ಸಲ ಮಾಡಿದರೆ ಹೆದರಿಕೆ ಹೋಗುತ್ತದೆ. ಆಮೇಲೆ 40ರಲ್ಲಿ. ವೇಗ ಎರಡು ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟು. ಇದನ್ನು ಬಾಯಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ. 20ರಲ್ಲಿ ನಿಂತ ಜಾಗಕ್ಕೆ ಒಂದು ಸುಣ್ಣದ ಗೆರೆ, 40ರಲ್ಲಿ ನಿಂತ ಜಾಗಕ್ಕೆ ಇನ್ನೊಂದು ಗೆರೆ ಎಳೆದು, ನಡುವಿನ ದೂರ ನಡೆದು ನೋಡಲು ಹೇಳಿ. ಅಲ್ಲಿಗೆ ಅವರಿಗೇ ಅರ್ಥ ಆಗುತ್ತದೆ.

ತಿರುವಿನಲ್ಲಿ ನಮ್ಮ ಸಾಮಾನ್ಯ ಕಾರುಗಳು, ಅಂದರೆ ಮುಂದಿನ ಗಾಲಿಗೆ ಇಂಜಿನ್ನಿನ ಬಲ ಹೋಗುವವು, ಸ್ಪೀಡ್ ಹೆಚ್ಚಾದರೆ ತಿರುಗದೆ ನೇರ ಹೋಗುತ್ತವೆ. ಹೊಸಬ ಇನ್ನೂ ಸ್ಟಿಯರಿಂಗ್ ತಿರುಗಿಸುತ್ತಾನೆ. ಜಾರುವ ಟೈರಿಗೆ ಅದರಿಂದ ಇನ್ನೂ ಕಷ್ಟ. ಎಕ್ಸಿಲೇಟರ್ ಮೆಲ್ಲಗೆ ಬಿಡಬೇಕು, ಸ್ಟಿಯರಿಂಗ್ ಸ್ವಲ್ಪ ಸಡಿಲಿಸಬೇಕು, ಟೈರ್ ಮತ್ತೆ ನೆಲ ಹಿಡಿಯುತ್ತದೆ. ಇದು ಒಂದು ಭಾನುವಾರದ ಪಾಠ, ಅವಸರ ಬೇಡ.

ಇನ್ನು ನಿಮ್ಮ ಬಾಯಿ. ಇದು ನಾನು ತಪ್ಪು ಮಾಡಿ ಕಲಿತದ್ದು. ನನ್ನ ಮೊದಲ ಹುಡುಗನ ಪಕ್ಕ ಕೂತು “ಬ್ರೇಕ್, ಬ್ರೇಕ್, ಲೆಫ್ಟ್ ತಗೋ, ಕಣ್ಣು ಮೇಲೆ!” ಅಂತ ಒಂದೇ ಉಸಿರಿಗೆ ಕೂಗಿದೆ. ಅವನು ಗಾಬರಿಯಾಗಿ ಸ್ಟಿಯರಿಂಗನ್ನೇ ಬಿಟ್ಟ. ಗಾಡಿ ಹೊಟ್ಟಿನ ಚೀಲಗಳಿಗೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಹುಡುಗ ಒಂದು ತಿಂಗಳು ಬರಲಿಲ್ಲ. ತಪ್ಪು ಪೂರ್ತಿ ನನ್ನದು. ಅವತ್ತಿನಿಂದ ಒಂದು ಸುತ್ತಿಗೆ ಒಂದೇ ಮಾತು. ಅದೂ ತಿರುವಿಗೆ ಮುಂಚೆ, ತಿರುವಿನ ನಡುವೆ ಅಲ್ಲ. ಹೆಲ್ಮೆಟ್ ಹಾಕಿದ ಮೇಲೆ ಮಾತು ಸರಿಯಾಗಿ ಕೇಳಿಸುವುದೂ ಇಲ್ಲ, ಅದಕ್ಕೆ ಕೈ ಸನ್ನೆ ಮೊದಲೇ ನಿರ್ಧಾರ ಮಾಡಿಕೊಳ್ಳಿ. ಅಂಗೈ ಕೆಳಗೆ ಮಾಡಿದರೆ ನಿಧಾನ, ಮುಷ್ಟಿ ಹಿಡಿದರೆ ಪೂರ್ತಿ ಬ್ರೇಕ್, ಬೆರಳು ತೋರಿಸಿದರೆ ಅಲ್ಲಿ ನೋಡು. ಗಾಡಿ ನಿಂತ ಮೇಲೆ ನೀವು ಹೇಳುವ ಮೊದಲು ಅವನನ್ನೇ ಕೇಳಿ, “ಏನಾಯ್ತು ಅನಿಸ್ತು?” ಹತ್ತರಲ್ಲಿ ಏಳು ಸಲ ತಪ್ಪು ಅವನಿಗೇ ಗೊತ್ತಿರುತ್ತದೆ.

ಪ್ರತಿ ಸಲ ಗಾಡಿಯೊಳಗಿನ ಸಡಿಲ ಸಾಮಾನು ಎಲ್ಲ ತೆಗೆಸಿ. ನೀರಿನ ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ? ಕಾಲಡಿಯ ಮ್ಯಾಟ್ ತೆಗೆಸಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಒಂಬತ್ತಕ್ಕೆ ಮುಗಿಸಿ, ನಮ್ಮ ಬಿಸಿಲಲ್ಲಿ ಆಮೇಲೆ ಮನುಷ್ಯನ ತಲೆಯೂ ಓಡುವುದಿಲ್ಲ. ಕೊನೆಗೆ ಎರಡು ಸುತ್ತು ಮೆಲ್ಲಗೆ ಓಡಿಸಿ ಬ್ರೇಕ್ ತಣ್ಣಗಾಗಲು ಬಿಡಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ, ಗಾಲಿಗೆ ಅಡ್ಡ ಇಡಿ.

ದುಡ್ಡಿನ ವಿಷಯ. ಹುಡುಗರು ನನ್ನ ಅಂಗಡಿಗೆ ಬಂದು ಮೊದಲು ಕೇಳುವುದು ಅಗಲದ ಅಲಾಯ್ ವ್ಹೀಲ್, ಜೋರು ಸದ್ದಿನ ಸೈಲೆನ್ಸರ್. ಮಾರಿದರೆ ನನಗೇ ಲಾಭ, ಆದರೂ ಕಲಿಯಲು ಬಂದವರಿಗೆ ಮಾರುವುದಿಲ್ಲ. ಆ ದುಡ್ಡಲ್ಲಿ ಒಳ್ಳೆಯ ಹೆಲ್ಮೆಟ್, ನಾಲ್ಕು ಒಳ್ಳೆಯ ಟೈರ್, ಹೊಸ ಬ್ರೇಕ್ ಆಯಿಲ್ ಬರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಪೈಪಿನಲ್ಲಿ ಗುಳ್ಳೆ ಬರುತ್ತದೆ, ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಇನ್ನೊಂದು, ಸಾಮಾನ್ಯ ಕಾರ್ ಇನ್ಶೂರೆನ್ಸ್ ರೇಸಿಗೆ, ಸ್ಪೀಡ್ ಟೆಸ್ಟಿಂಗಿಗೆ ಅನ್ವಯಿಸುವುದಿಲ್ಲ. ಪಾಲಿಸಿ ಕಾಗದದಲ್ಲೇ ಹಾಗೆ ಬರೆದಿರುತ್ತದೆ, ತೆಗೆದು ಹುಡುಗರ ಮನೆಯವರಿಗೆ ಓದಿ ಹೇಳಿ. ಮನೆಯವರಿಗೆ ಮುಚ್ಚಿಟ್ಟು ಕಲಿಸಬೇಡಿ.

ಎರಡು ಮೂರು ತಿಂಗಳಾದ ಮೇಲೆ ಹೊರಗೆ ಕರೆದುಕೊಂಡು ಹೋಗಿ. ಹೈದರಾಬಾದ್ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಅಲ್ಲಿ ಆಟೋಕ್ರಾಸ್ ನಡೆದರೆ ಮೊದಲ ಸಲ ಓಡಿಸಲು ಅಲ್ಲ, ಮಾರ್ಷಲ್ ಆಗಿ, ಅಂದರೆ ಟ್ರ್ಯಾಕ್ ಪಕ್ಕ ನಿಂತು ಓಡಿಸುವವರಿಗೆ ಬಾವುಟ ತೋರಿಸುವ ಸ್ವಯಂಸೇವೆಗೆ ಕರೆದೊಯ್ಯಿರಿ. ಹಳದಿ ಬಾವುಟ ಅಂದರೆ ಮುಂದೆ ಅಪಾಯ, ಓವರ್‌ಟೇಕ್ ಮಾಡಬಾರದು. ಕೆಂಪು ಅಂದರೆ ಓಟ ನಿಲ್ಲಿಸಿದ್ದಾರೆ. ನೀಲಿ ಅಂದರೆ ಹಿಂದೆ ನಿನಗಿಂತ ವೇಗದವನು ಬರುತ್ತಿದ್ದಾನೆ. ಇವನ್ನು ಪುಸ್ತಕ ಓದಿ ಕಲಿಯುವುದಕ್ಕಿಂತ ಬಿಸಿಲಲ್ಲಿ ನಿಂತು ಬಾವುಟ ಬೀಸಿ ಕಲಿತರೆ ಜೀವನಪೂರ್ತಿ ಮರೆಯುವುದಿಲ್ಲ. ಆಮೇಲೆ ಟಿಎಸ್‌ಡಿ ರ‍್ಯಾಲಿ. ಅಲ್ಲಿ ಹೇಳಿದ ಸರಾಸರಿ ವೇಗದಲ್ಲೇ ಹೋಗಬೇಕು, ಬೇಗ ಬಂದರೂ ತಡವಾಗಿ ಬಂದರೂ ಪೆನಾಲ್ಟಿ. ಆತುರದ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

ನಿಜವಾಗಿ ಟ್ರ್ಯಾಕಿಗೆ ಇಳಿಯುವ ಹೊತ್ತಿಗೆ ನೀವು ಕಲಿಸುವುದನ್ನು ನಿಲ್ಲಿಸಿ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ 3.7 ಕಿ.ಮೀ. ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಅಲ್ಲಿ ರೇಸಿಂಗ್ ತರಬೇತಿ ಕೊಡುವವರಿದ್ದಾರೆ, ರೇಸಿಗೆ ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ) ಲೈಸೆನ್ಸ್ ಬೇಕು. ನಮ್ಮ ಸ್ಟೇಷನ್‌ನಿಂದ ಚೆನ್ನೈಗೆ ನೇರ ರೈಲಿದೆ, ಗಾಡಿ ಓಡಿಸಿಕೊಂಡು ಹೋಗಿ ದಣಿಯುವುದು ಬೇಡ. ನಾವು ಅಂಗಳದವರೆಗೆ ಮಾತ್ರ ಗುರುಗಳು, 150ರ ವೇಗ ಕಲಿಸುವುದು ಅದನ್ನೇ ಕೆಲಸ ಮಾಡಿಕೊಂಡವರಿಗೆ ಬಿಡಿ.

ಕೊನೆಗೆ ನಿಮ್ಮ ಕಾಕನ ಮಗ. 17 ಅಂದರೆ ಲೈಸೆನ್ಸ್ ಇಲ್ಲ. ಅಂಗಳದೊಳಗೆ ತಾನೇ ಅಂತ ಕೀ ಕೊಡಬೇಡಿ. ಒಮ್ಮೆ ಕೊಟ್ಟರೆ ಅವನು ಗೇಟಿನ ಹೊರಗೂ ಕೇಳುತ್ತಾನೆ. ರಸ್ತೆಯಲ್ಲಿ ಸಿಕ್ಕರೆ 199ಎ ಕಲಂ ಪ್ರಕಾರ ಅಪ್ಪನಿಗೋ ಗಾಡಿ ಮಾಲೀಕನಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅವನ ವಯಸ್ಸಿಗೆ ಕಾರ್ಟಿಂಗ್ (ಚಿಕ್ಕ ತೆರೆದ ರೇಸ್ ಗಾಡಿ ಓಡಿಸುವುದು) ಇದೆ. ಬೆಂಗಳೂರಿಗೋ ಹೈದರಾಬಾದಿಗೋ ಹೋದಾಗ ಕಾರ್ಟಿಂಗ್ ಟ್ರ್ಯಾಕಿಗೆ ಕರೆದೊಯ್ಯಿರಿ, ಬ್ರೇಕ್ ಮತ್ತು ಲೈನ್ (ತಿರುವಿನಲ್ಲಿ ಗಾಡಿ ಹಿಡಿಯಬೇಕಾದ ದಾರಿ) ಅಲ್ಲೇ ಚೆನ್ನಾಗಿ ಬರುತ್ತದೆ. ಭಾನುವಾರ ಬೆಳಿಗ್ಗೆ ಅವನಿಗೆ ಕಟ್ಟೆಯ ಮೇಲೆ ನಿಂತು ಬೆರಳು ತೋರಿಸುವ ಕೆಲಸ ಕೊಡಿ. ಅಲ್ಲಿಂದ ಗಾಡಿ ಹೇಗೆ ತಿರುಗುತ್ತದೆ, ಮೂತಿ ಯಾವಾಗ ಬಾಗುತ್ತದೆ, ಯಾರು ತಡವಾಗಿ ಬ್ರೇಕ್ ಒತ್ತಿದರು ಎಲ್ಲ ಕಾಣುತ್ತದೆ. ಗೆಳೆಯನ ಮಗಳಿಗೆ ಅವತ್ತು ಬೆರಳು ತೋರಿಸಿದ ಹುಡುಗನಿಗೂ ಆಗ 17. ಈ ಮಾರ್ಚಿನಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಬಂದ. ಮೊದಲ ದಿನವೇ ಐದು ಕೋನ್‌ಗಳ ನಡುವೆ ಹೋಗಿ ಬಂದ, ಒಂದೂ ಬೀಳಲಿಲ್ಲ.